ಹೇಸರಗತ್ತೆಯ ಹಬ್ಬ ಕದ್ದ ರಾಜಕುಮಾರ

ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಹುಟ್ಟುವುದಕ್ಕೂ ಮೊದಲು ಪರ್ವಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಹಬ್ಬವಿಲ್ಲದ ದಿನವೇ ಇರಲಿಲ್ಲ. ಮಂತ್ರಿಯ ಮೀಸೆಯನ್ನು ಮೇಕೆ ಮೇಯ್ದ ದಿನಕ್ಕೊಂದು ಹಬ್ಬ. ಊರಿಗೆ ಮೊದಲ ಕನ್ನಡಿ ಬಂದು, ಜನ ತಮ್ಮ ಮುಖಕ್ಕೆ ತಾವೇ ಹೆದರಿ ಓಡಿದ ದಿನಕ್ಕೊಂದು ಹಬ್ಬ. ಹುಟ್ಟಿದವರಿಗೆಲ್ಲ ಹುಟ್ಟುಹಬ್ಬ. ಅರಮನೆಯ ಪಕ್ಕದ ದೀಪಶಾಲೆಯಲ್ಲಿ ಒಂದೊಂದು ಹಬ್ಬಕ್ಕೂ ಒಂದೊಂದು ದೀಪ ಆರದೆ ಉರಿಯುತ್ತಿತ್ತು.

ಆ ರಾಜ್ಯದ ರಾಜಕುಮಾರ ಬೊಪ್ಪರಸ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲು, ಅವನು ಹುಟ್ಟಿದ ತಿಥಿಯಂದೇ, ಒಂದು ಹೇಸರಗತ್ತೆ ಬಂಡೆಗೆ ಒದ್ದು ಸಿಹಿನೀರಿನ ಬುಗ್ಗೆ ಚಿಮ್ಮಿಸಿತ್ತು. ಹಾಗಾಗಿ ಪ್ರತಿವರ್ಷ ಅವನ ಹುಟ್ಟುಹಬ್ಬದಂದು ಜನ ಕತ್ತೆಗಳಿಗೆ ಹಾರ ಹಾಕಿ, ಬೆಲ್ಲ ತಿನ್ನಿಸಿ, ಕುಣಿದು ದಣಿದು, ಕೊನೆಗೆ ಅವನ ಕಡೆ ತಿರುಗಿ, "ಓ, ಕುಮಾರರೇ, ನಿಮಗೂ ಒಳ್ಳೆಯದಾಗಲಿ" ಅನ್ನುತ್ತಿದ್ದರು.

ಆ 'ನಿಮಗೂ' ಅನ್ನುವ ಮಾತು ಬೊಪ್ಪರಸನ ಎದೆಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಒಂದು ವರ್ಷ ತಡೆಯಲಾರದೆ ಕರಿಗುಡ್ಡದ ಮಾಟಗಾತಿ ಮಸಿಯವ್ವನ ಗವಿಗೆ ಹೋದ. ಬಾಗಿಲಲ್ಲಿ ಮಲಗಿದ್ದ ಎರಡು ತಲೆಯ ಕರಡಿ ಅವನನ್ನು ಮೂಸಿ, "ಇವನ ಹೊಟ್ಟೆಯಲ್ಲಿ ಕಿಚ್ಚಿದೆ, ಒಳಗೆ ಬಿಡಬಹುದು" ಎಂದಿತು.

"ಆ ಕತ್ತೆಯ ದೀಪ ತಂದುಕೊಡು," ಅಂದಳು ಮಸಿಯವ್ವ, ಅವನ ದೂರು ಕೇಳಿ. "ಹಬ್ಬವನ್ನೇ ಎಲ್ಲರೂ ಮರೆಯುವ ಹಾಗೆ ಮಾಡುತ್ತೇನೆ."

ಅವನು ದೀಪ ಕದ್ದು ತಂದ. ಅವಳು ಅದನ್ನು ಮಡಕೆಯಲ್ಲಿಟ್ಟು ಬಾಯಿ ಮುಚ್ಚಿದಳು. ಮರುಕ್ಷಣವೇ ಜನ ಹೇಸರಗತ್ತೆಯನ್ನು ಮರೆತರು. ಬುಗ್ಗೆಯೂ ಬತ್ತಿಹೋಯಿತು.

"ಕಿಚ್ಚು ಆರಿತಾ?" ಅಂತ ಕೇಳಿದಳು ಮಸಿಯವ್ವ.

"ಇಲ್ಲ. ನನ್ನ ಹುಟ್ಟುಹಬ್ಬದ ಮಾರನೇ ದಿನ ಹಂಚಿನ ಮೇಲೆ ರೊಟ್ಟಿ ಮೊದಲ ಸಲ ಉಬ್ಬಿದ ಹಬ್ಬ. ನನ್ನ ದಿನವೂ ಹೆಂಗಸರಿಗೆ ಹಿಟ್ಟಿನದೇ ಚಿಂತೆ."

ಅವನು ರೊಟ್ಟಿಯ ದೀಪವನ್ನೂ ಕದ್ದು ತಂದ. ಅಂದಿನಿಂದ ರಾಜ್ಯದಲ್ಲಿ ಯಾರು ತಟ್ಟಿದರೂ ರೊಟ್ಟಿ ಉಬ್ಬಲಿಲ್ಲ, ಹಲಗೆಯಂತೆ ಸೆಟೆದುಕೊಂಡಿತು.

"ಈಗ ಆರಿತಾ?"

"ಇಲ್ಲ. ನನ್ನ ತಂಗಿ ಚಾಗಲೆಯ ಹುಟ್ಟುಹಬ್ಬಕ್ಕೆ ಜನ ತಾವಾಗಿಯೇ ಹೂ ಹಿಡಿದು ಬರುತ್ತಾರೆ. ನನ್ನ ಹಬ್ಬಕ್ಕೆ ಡಂಗುರ ಹೊಡೆಸಿ ಕರೆಸಬೇಕು."

ಮಸಿಯವ್ವ ನಕ್ಕಳು. ಅವನು ತಂಗಿಯ ದೀಪವನ್ನೂ ತಂದುಕೊಟ್ಟ.

ಅರಮನೆಗೆ ಬಂದು ನೋಡಿದರೆ ಚಾಗಲೆಯ ಕೋಣೆಯಿದ್ದಲ್ಲಿ ಬರಿ ಗೋಡೆ! ಬೊಪ್ಪರಸ ತಾಯಿಯ ಹತ್ತಿರ ಓಡಿದ.

"ಅವ್ವಾ, ಚಾಗಲೆ ಎಲ್ಲಿ?"

"ಯಾವ ಚಾಗಲೆ? ನನಗೆ ನೀನೊಬ್ಬನೇ ಅಲ್ಲವೇನೋ ಕಂದ," ಅಂದಳು ರಾಣಿ.

ತಾಯಿಯ ಬಾಯಲ್ಲಿ ಈ ಮಾತು ಕೇಳಬೇಕೆಂದು ಅವನು ಎಷ್ಟು ಆಸೆಪಟ್ಟಿದ್ದ! ಈಗ ಕೇಳಿದರೆ ಅದು ಬೇಡವಾಗಿತ್ತು. ತನಗೆ ಜ್ವರ ಬಂದಾಗ ರಾತ್ರಿಯಿಡೀ ಹಣೆ ಒತ್ತಿದ ತಂಗಿ ಚಾಗಲೆ. ಅವಳನ್ನು ನೆನೆದು ಅಳಲು ಇಡೀ ರಾಜ್ಯದಲ್ಲಿ ದೀಪ ಕದ್ದ ಅವನೊಬ್ಬನೇ ಉಳಿದಿದ್ದ.

ಅಳುತ್ತಲೇ ಗವಿಗೆ ಓಡಿದ. "ನನ್ನ ತಂಗಿಯನ್ನು ಕೊಡು!"

"ಕೊಡುತ್ತೇನೆ. ನಿನ್ನ ದೀಪ ಕೊಡು. ಕದ್ದ ದೀಪವನ್ನು ನಾನು ಮುಚ್ಚಿಡಬಹುದು, ನುಂಗಲಾರೆ. ಮನಸಾರೆ ಕೊಟ್ಟ ದೀಪ ನುಂಗಿದರೆ ನನಗೆ ಸಾವೇ ಇಲ್ಲ. ನೀವೆಲ್ಲ ಹುಟ್ಟಿದ ದಿನಕ್ಕೆ ಪಾಯಸ ಉಣ್ಣುತ್ತೀರಿ. ನಾನು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಈ ಗುಡ್ಡದ ಮೇಲೆ ನಿಂತು ನಿಮ್ಮ ಸಡಗರ ನೋಡಿ ನೋಡಿ ಬೆಂದಿದ್ದೇನೆ."

"ನನ್ನ ದೀಪ ಹೋದರೆ ನಾನೂ ಮಾಯವಾಗುತ್ತೇನಾ?"

"ಕೊಟ್ಟವನು ಇರುತ್ತಾನೆ. ಆದರೆ ಹೆತ್ತವರಿಗೂ ಅವನ ನೆನಪಿರುವುದಿಲ್ಲ."

ಬೊಪ್ಪರಸ ತನ್ನ ಪುಟ್ಟ ದೀಪವನ್ನು ತಂದ. "ತಗೋ. ಅವಳು ಬದುಕಲಿ," ಅಂದ.

ಮಸಿಯವ್ವ ಗಬಕ್ಕನೆ ನುಂಗಿದಳು. ಆದರೆ ಆ ದೀಪದಲ್ಲಿ ಬೊಪ್ಪರಸನ ಇಷ್ಟು ವರ್ಷದ ಹೊಟ್ಟೆಕಿಚ್ಚೆಲ್ಲ ಎಣ್ಣೆಯಾಗಿ ತುಂಬಿತ್ತು. ಅವಳ ಹೊಟ್ಟೆಯಲ್ಲಿ ಮೊದಲೇ ಕಿಚ್ಚಿತ್ತು. ಎರಡೂ ಕೂಡಿ ಭುಗ್ಗೆಂದು ಹತ್ತಿಕೊಂಡವು. "ಅಯ್ಯೋ, ನೀರು!" ಅಂತ ಕಿರುಚಿದಳು, ಕಿರುಚುತ್ತಲೇ ಬೂದಿಯಾದಳು. ಕರಡಿ ಎರಡು ತಲೆಯನ್ನೂ ಕೊಡವಿ ಕಾಡಿಗೆ ಓಡಿಹೋಯಿತು. ಮಡಕೆಗಳು ಒಡೆದವು, ದೀಪಗಳು ಹಕ್ಕಿಗಳಂತೆ ಹಾರಿ ದೀಪಶಾಲೆ ಸೇರಿದವು.

ಬೊಪ್ಪರಸ ಊರಿಗೆ ಬಂದ. ಬುಗ್ಗೆ ಚಿಮ್ಮುತ್ತಿತ್ತು, ರೊಟ್ಟಿ ಉಬ್ಬುತ್ತಿತ್ತು. ಅಂಗಳದಲ್ಲಿ ಚಾಗಲೆ ಹೂ ಕಟ್ಟುತ್ತಿದ್ದಳು. ಕಾವಲುಗಾರ ಈಟಿ ಅಡ್ಡ ಹಿಡಿದ: "ಯಾರಯ್ಯ ನೀನು?"

"ಯಾರೂ ಅಲ್ಲ. ಅವಳನ್ನು ಒಮ್ಮೆ ನೋಡಿ ಹೋಗುತ್ತೇನೆ."

ಚಾಗಲೆ ಎದ್ದು ಬಂದಳು. ಅವಳಿಗೆ ಗುರುತು ಸಿಗಲಿಲ್ಲ. "ಯಾಕಣ್ಣ ಅಳುತ್ತಿದ್ದೀ? ನಿನ್ನ ಹುಟ್ಟುಹಬ್ಬ ಯಾವತ್ತು?" ಆ ರಾಜ್ಯದಲ್ಲಿ ಹೊಸಬರನ್ನು ಮೊದಲು ಕೇಳುವುದೇ ಅದನ್ನು.

"ನನಗೆ ಹುಟ್ಟುಹಬ್ಬ ಇಲ್ಲಮ್ಮ."

"ಇಲ್ಲವಾ? ಹಾಗಾದರೆ ನನ್ನದರಲ್ಲಿ ಅರ್ಧ ತಗೋ," ಅಂದಳು ಚಾಗಲೆ.

ಬೊಪ್ಪರಸ ತನ್ನ ಎದೆ ಮುಟ್ಟಿ ನೋಡಿಕೊಂಡ. ಎಲ್ಲೂ ಉರಿಯಲಿಲ್ಲ. ರಾಣಿ ಹೊರಗೆ ಬಂದು ಅವನ ಮುಖ ನೋಡಿದಳು. ಯಾಕೆಂದು ಗೊತ್ತಾಗದೆ ಅವಳ ಕಣ್ಣು ತುಂಬಿತು. "ಈ ಹುಡುಗನನ್ನು ಒಳಗೆ ಕರೆದು ಎಲೆ ಹಾಕಿ," ಅಂದಳು. ರಾಜ ಅವನನ್ನು ಮಗನೆಂದು ಸಾಕಿಕೊಂಡ. ಅಣ್ಣತಂಗಿಯರು ಒಂದೇ ದಿನ ಹುಟ್ಟುಹಬ್ಬ ಮಾಡಿಕೊಂಡು, ಮೊದಲ ಹೋಳಿಗೆ ನಿನಗೆ, ಇಲ್ಲ ನಿನಗೆ ಅಂತ ಜಗಳಾಡುತ್ತ, ತಲೆ ನರೆಯುವ ತನಕ ಪರ್ವಗಿರಿಯಲ್ಲಿ ನಗುನಗುತ್ತ ಬಾಳಿದರು.