ಮಾರೆಣ್ಣನ ರುಜು

ಕವರು ಬಿಚ್ಚಿದಾಗ ಒಳಗೆ ಪಾಲಿಸಿ ಬಾಂಡ್ ಇರಲಿಲ್ಲ. ನಾಲ್ಕಾಗಿ ಮಡಚಿದ ಹಳೆಯ ಕ್ಯಾಲೆಂಡರಿನ ಎರಡು ಹಾಳೆಗಳಿದ್ದವು.

1979ರ ಫೆಬ್ರವರಿ. ಬಳ್ಳಾರಿಯ ಒಂದು ವಿಮಾ ಕಚೇರಿ. ಮೇಜಿನ ಈಚೆ ಕ್ಲೇಮು ವಿಭಾಗದ ದಾಕ್ಷಾಯಣಮ್ಮ. ಆಚೆ, ಸಿರುಗುಪ್ಪದಿಂದ ಆ ಕವರು ಹಿಡಿದು ಮೊದಲ ಬಸ್ಸಿಗೆ ಬಂದಿದ್ದ ಸುಂಕಲಮ್ಮ. ಹಾಳೆಗಳನ್ನು ನೋಡಿ ಅವಳು ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

“ನಮ್ಮ ಮನೆಯವರು ತೀರಿದ ಮೂರನೇ ದಿನಾನೂ ಟ್ರಂಕು ತೆಗೆದು ನೋಡೀನ್ರಿ ಅಮ್ಮಾರ. ಬಾಂಡ್ ಇತ್ತು.” ಅದರ ಹಿಂಬದಿ ಏನಾದರೂ ಬರೆದಿತ್ತೇ ಎಂದು ದಾಕ್ಷಾಯಣಮ್ಮ ಕೇಳಿದಳು. “ಇಲ್ರಿ, ಹಿಂದಿನ ಪುಟ ಖಾಲಿ ಇತ್ತು.”

ಬಾಂಡ್ ಎಲ್ಲಿದೆಯೆಂದು ದಾಕ್ಷಾಯಣಮ್ಮನಿಗೆ ಗೊತ್ತಿತ್ತು. ಅದು ಅವಳದೇ ಬೀರುವಿನಲ್ಲಿತ್ತು. ಹಿಂದಿನ ದಿನವಷ್ಟೇ ಕುರುಗೋಡಿನ ದುರುಗಣ್ಣ ಎಂಬಾತ ತಂದುಕೊಟ್ಟಿದ್ದ. ಸತ್ತ ಮಾರೆಣ್ಣನ ಒಡಹುಟ್ಟಿದ ತಮ್ಮ. ಅಣ್ಣ ಬದುಕಿದ್ದಾಗಲೇ ಕೊಟ್ಟಿದ್ದ ಎಂದು ಹೇಳಿದ್ದ. ಬಾಂಡಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರಹ: ಸುಂಕಲಮ್ಮನ ಹೆಸರು ರದ್ದು, ಇನ್ನು ಮುಂದೆ ದುರುಗಣ್ಣನೇ ನಾಮಿನಿ. ಕೆಳಗೆ ಮಾರೆಣ್ಣನ ರುಜು, ಹಿಂದಿನ ವರ್ಷದ ಜೂನ್ ಹನ್ನೆರಡರ ತಾರೀಕು.

ಮಾರೆಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಸುಂಕಲಮ್ಮನಿಗೆ ಸಣ್ಣವಳಿದ್ದಾಗಲೇ ದೇವರ ಹೆಸರಲ್ಲಿ ಮುತ್ತು ಕಟ್ಟಿದ್ದರು. ಹಾಗೆ ಮುತ್ತು ಕಟ್ಟಿಸಿಕೊಂಡವಳಿಗೆ ಯಾರೂ ತಾಳಿ ಕಟ್ಟುವಂತಿರಲಿಲ್ಲ. ಆದರೂ ಇಬ್ಬರೂ ಹದಿನಾರು ವರ್ಷ ಒಂದೇ ಮನೆಯಲ್ಲಿ ಬಾಳಿದ್ದರು. 1968ರಲ್ಲಿ ವಿಮೆ ಮಾಡಿಸಿದಾಗ ಮಾರೆಣ್ಣ ನಾಮಿನಿಯಾಗಿ ಬರೆಸಿದ್ದು ಅವಳ ಹೆಸರನ್ನೇ.

ಮ್ಯಾನೇಜರಿಗೆ ಗೊಂದಲವೇ ಇರಲಿಲ್ಲ. ಅವನು ಒಡಹುಟ್ಟಿದ ತಮ್ಮ, ರಕ್ತಸಂಬಂಧಿ, ಈಕೆ ಹೆಂಡತಿಯೂ ಅಲ್ಲ, ದುರುಗಣ್ಣನಿಗೇ ಪಾಸು ಮಾಡಿ ಎಂದರು. 1968ರ ಅರ್ಜಿ ತರಿಸಿ ರುಜು ತಾಳೆ ನೋಡಿದರು. ಎರಡೂ ತೆಲುಗು ಅಕ್ಷರ, ಸುಳಿ ಸುಳಿಯೂ ಒಂದೇ.

“ಹೆಂಡತಿ ಹೌದೋ ಅಲ್ಲೋ ಅನ್ನೋದು ನಮ್ಮ ಕೆಲಸ ಅಲ್ಲ ಸರ್,” ಎಂದಳು ದಾಕ್ಷಾಯಣಮ್ಮ. “ಸತ್ತವರು ಯಾರ ಹೆಸರು ಬರೆಸ್ಯಾರ ಅನ್ನೋದಷ್ಟ ನಮ್ಮ ಕೆಲಸ. ನಾಲ್ಕು ದಿನ ಕೊಡ್ರಿ.”

* * *

ಮಾರೆಣ್ಣ ತೀರಿಕೊಂಡ ಮೇಲೆ ಆ ಮನೆಯ ಒಳಗೆ ಬಂದವರು ಇಬ್ಬರೇ. ಒಬ್ಬ ದುರುಗಣ್ಣ. ಎರಡು ದಿನ ಅಲ್ಲೇ ಉಳಿದಿದ್ದ, ಟ್ರಂಕಿನ ಕೀಲಿ ಗೋಡೆಯ ಮೊಳೆಗೇ ನೇತಾಡುತ್ತಿತ್ತು. ಇನ್ನೊಬ್ಬ ವಿಮಾ ಏಜೆಂಟ್ ಉಜ್ಜಿನಪ್ಪ. ಮಾತಾಡಿಸಲು ಬಂದು, ನಂಬರು ಬರೆದುಕೊಳ್ಳಲು ಬಾಂಡ್ ಕೇಳಿ ನೋಡಿ, ಚಹಾ ಕುಡಿದು ಹೋಗಿದ್ದ. ಲಾಭ ಯಾರಿಗೆಂದು ನೋಡಿದರೆ ಬೊಟ್ಟು ದುರುಗಣ್ಣನ ಕಡೆಗೇ ತೋರುತ್ತಿತ್ತು.

ದಾಕ್ಷಾಯಣಮ್ಮ ಮೊದಲು ಸಿರುಗುಪ್ಪದ ಗಿರಣಿಗೆ ಹೋದಳು. ಹಾಜರಿ ಪುಸ್ತಕ ತರಿಸಿದಳು. ಜೂನ್ ಹನ್ನೆರಡರ ಪುಟ ತೆರೆದವಳು ಹಾಗೇ ನಿಂತಳು. ಮತ್ತೆ ಹಿಂದಕ್ಕೆ ತಿರುವಿದಳು, ಹಳೆಯ ಪುಸ್ತಕಗಳನ್ನೂ ಕೇಳಿದಳು. 1972ರಿಂದ ಈಚೆಗೆ ಎಲ್ಲಾ ಪುಟಗಳಲ್ಲೂ ಮಾರೆಣ್ಣನ ರುಜು ಕನ್ನಡದಲ್ಲಿತ್ತು. ದುಂಡಗಿನ, ಒತ್ತಿ ಬರೆದ ಅಕ್ಷರ.

ಸಂಜೆ ಸುಂಕಲಮ್ಮನ ಮನೆಯಲ್ಲಿ ವಿಷಯ ತಿಳಿಯಿತು. ಮಾರೆಣ್ಣ ಗಡಿಯಾಚೆಯ ಊರಲ್ಲಿ ಸೋದರಮಾವನ ಮನೆಯಲ್ಲಿದ್ದು ಎರಡನೇ ತರಗತಿವರೆಗೆ ಓದಿದ್ದ.

“ಅದು ತೆಲುಗು ಸಾಲಿ ರೀ. ನಾನು ನಾಕನೇ ಇಯತ್ತೆ ತನಕ ಕನ್ನಡ ಓದೀನಿ. ಸ್ಲೇಟು ತಂದು ನಾನ ಕಲಿಸಿದೆ.” ಆ ಮಾತು ಹೇಳುವಾಗ ಸುಂಕಲಮ್ಮ ತಲೆ ಎತ್ತಿದಳು. “ಆಮ್ಯಾಲೆ ಅವರು ಒಂದು ದಿನಾನೂ ತೆಲುಗಿನಾಗ ರುಜು ಹಾಕಲಿಲ್ಲ.”

* * *

ಕುರುಗೋಡಿನಲ್ಲಿ ದುರುಗಣ್ಣ ಕಲ್ಲು ಕೆಲಸದಲ್ಲಿದ್ದ. ದಾಕ್ಷಾಯಣಮ್ಮ ಬಾಂಡಿನ ಮಾತೇ ಎತ್ತಲಿಲ್ಲ. ನಿಮ್ಮಣ್ಣ ರುಜು ಯಾವ ಭಾಷೆಯಲ್ಲಿ ಹಾಕುತ್ತಿದ್ದ ಎಂದಷ್ಟೇ ಕೇಳಿದಳು.

“ಕನ್ನಡದಾಗ ರೀ. ನನಗ ಓದಾಕ ಬರಂಗಿಲ್ಲ. ಆದ್ರ ಹೆಂಗಸಿನ ಕೈಯಾಗ ಅಕ್ಷರ ಕಲ್ತೀ ಏನು ಅಂತ ಅವನ್ನ ನೋಡಿ ನಕ್ಕಿದ್ದೆ.”

ಆಕೆಗೆ ಅಷ್ಟು ಸಾಕಾಯಿತು. ಮರುದಿನ ಕಚೇರಿಗೆ ಬರಲು ಹೇಳಿ ಬಸ್ಸು ಹತ್ತಿದಳು.

* * *

ಮ್ಯಾನೇಜರ ಕೋಣೆಯಲ್ಲಿ ಸುಂಕಲಮ್ಮ, ದುರುಗಣ್ಣ, ಏಜೆಂಟ್ ಉಜ್ಜಿನಪ್ಪ. ಬಾಗಿಲ ಬಳಿ ಬ್ರೂಸ್‌ಪೇಟೆ ಠಾಣೆಯ ಒಬ್ಬ ಸಬ್‌ಇನ್ಸ್‌ಪೆಕ್ಟರ್. ದಾಕ್ಷಾಯಣಮ್ಮ ಬಾಂಡನ್ನು ಉಜ್ಜಿನಪ್ಪನ ಮುಂದಿಟ್ಟಳು.

“ಈ ರುಜು ಮಾರೆಣ್ಣಂದ ಏನ್ರಿ?”

“ಅವಂದ. ಜೂನ್ ತಿಂಗಳದಾಗ ನನ್ನ ಕಣ್ಣೆದುರಿಗೆ ಹಾಕ್ಯಾನ. ಅವನಿಗೆ ತೆಲುಗು ಬಿಟ್ರ ಬ್ಯಾರೆ ಬರ್ತಿದ್ದಿಲ್ಲ.”

ಆಗ ಅವಳು ಗಿರಣಿಯಿಂದ ತರಿಸಿದ್ದ ಹಾಜರಿ ಪುಸ್ತಕ ತೆರೆದಳು. ಅದೇ ತಾರೀಕು, ಅದೇ ಮನುಷ್ಯ, ಕನ್ನಡದ ರುಜು.

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ದುರುಗಣ್ಣ ಮೋಸ ಮಾಡಬೇಕೆಂದಿದ್ದರೆ ಕನ್ನಡದ ರುಜುವನ್ನೇ ಮಾಡಿಸುತ್ತಿದ್ದ, ಅಣ್ಣ ಕನ್ನಡ ಕಲಿತದ್ದು ಅವನಿಗೆ ಗೊತ್ತಿತ್ತು. ತೆಲುಗು ರುಜು ಹಾಕಿದವನು 1968ರ ಮಾರೆಣ್ಣನನ್ನು ಮಾತ್ರ ಬಲ್ಲವನು. ವಿಮೆಯ ಕಂತು ಸಂಬಳದಲ್ಲೇ ಮುರಿಯುತ್ತಿದ್ದುದರಿಂದ ಏಜೆಂಟು ಆಮೇಲೆ ಅವನ ಮುಖ ನೋಡಿದ್ದೇ ಇಲ್ಲ. ಸುಂಕಲಮ್ಮ ಚಹಾ ಮಾಡಲು ಒಳಗೆ ಹೋದಾಗ ಬಾಂಡು ಚೀಲ ಸೇರಿತು, ಕ್ಯಾಲೆಂಡರ್ ಹಾಳೆ ಕವರು ಸೇರಿತು.

ಮೊದಲು ಬಾಯಿಬಿಟ್ಟವನು ದುರುಗಣ್ಣ. ನಿಮ್ಮಣ್ಣನೇ ಹೀಗೆ ಬರೆದು ಹೋಗಿದ್ದಾನೆ, ಓಡಾಡಿದ್ದಕ್ಕೆ ಅರ್ಧ ನನಗೆ ಎಂದು ಉಜ್ಜಿನಪ್ಪ ಹೇಳಿದ್ದನಂತೆ. ಅಣ್ಣನೇ ಬಾಂಡ್ ಕೊಟ್ಟ ಎಂಬ ಸುಳ್ಳನ್ನೂ ಅವನೇ ಕಲಿಸಿದ್ದನಂತೆ. ಮಧ್ಯಾಹ್ನ ಏಜೆಂಟನ ಮನೆಯಲ್ಲಿ ಮಸಿ ಚೆಲ್ಲಿ ಕೆಟ್ಟಿದ್ದ, ಮಾರೆಣ್ಣನ 1968ರ ಇನ್ನೊಂದು ಅರ್ಜಿ ಸಿಕ್ಕಿತು. ಅದರ ರುಜುವಿನ ಮೇಲೆ ತೆಳುವಾದ ಕಾಗದವಿಟ್ಟು ತಿದ್ದಿದ ಗುರುತು ಕಾಣುತ್ತಿತ್ತು.

ಪೊಲೀಸರು ಉಜ್ಜಿನಪ್ಪನನ್ನು ಕರೆದೊಯ್ದರು. ಮ್ಯಾನೇಜರು ಸುಂಕಲಮ್ಮನ ಹೆಸರಿಗೆ ಮಂಜೂರಾತಿ ಬರೆದು, ಅವಳ ಕಡೆಗೆ ಕುರ್ಚಿ ಸರಿಸಿ ಕೂರಲು ಹೇಳಿದರು. ಕಚೇರಿಯ ಏಕೈಕ ಮಹಿಳಾ ಉದ್ಯೋಗಿಯೆಂದು ಐದು ವರ್ಷ ಮೂಲೆಯ ಮೇಜಿನಲ್ಲಿ ದುಡಿದಿದ್ದ ದಾಕ್ಷಾಯಣಮ್ಮನಿಗೆ ಆ ಕುರ್ಚಿಯ ಸದ್ದು ಕೇಳಿ ಎದೆ ತುಂಬಿ ಬಂತು.

ಸಬ್‌ಇನ್ಸ್‌ಪೆಕ್ಟರ್ ದುರುಗಣ್ಣನ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಈ ಹೆಂಗಸು ನಿನಗೆ ಏನಾಗಬೇಕು ಎಂದು ಕೇಳಿದರು. ದುರುಗಣ್ಣ ಸುಂಕಲಮ್ಮನ ಕಡೆ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ.

“ನಮ್ಮ ಅತ್ತಿಗಿ ರೀ,” ಎಂದ. “ಹಂಗ ಬರ್ಕೊಳ್ರಿ.”