ಯಿ ಅಕ್ಷರಗಳಿಗೊಂದು ಜಾಗ

"ನನ್ನ ಫಾಂಟ್ ತೆಗೆಯೋಕೆ ನೀವ್ಯಾರ್ರೀ?"

ಅಮೆರಿಕದ ಓವರ್‌ಲೇಕ್‌ನ ಆ ಪುಟ್ಟ ಮೊಬೈಲ್ ಕಂಪನಿಯ ಮೀಟಿಂಗ್ ರೂಮಿಗೆ ಜಾಹ್ನವಿ ಬಾಗಿಲು ತಟ್ಟದೇ ನುಗ್ಗಿದ್ದಳು. ಒಳಗೆ ಒಬ್ಬನೇ ಕೂತಿದ್ದ ಶಶಾಂಕ್ ಬೆಚ್ಚಿಬಿದ್ದ. ಬೇರೆ ಬೇರೆ ಟೀಮಿನ ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು.

"ಫೋನಲ್ಲಿ ಜಾಗ ಸಾಲಲ್ಲ ಅಂತ ದ್ವಾರಕಾನಾಥ್ ಸರ್..."

"ನಿಮ್ಮ ಇಮೋಜಿಗಳಿಗೆ, ಆ ಕುಣಿಯೋ ನಗುಮುಖಗಳಿಗೆ ಮಾತ್ರ ಜಾಗ ಇದೆ, ಅಲ್ವಾ?"

ಅವನು ತಲೆ ತಗ್ಗಿಸಿದ.

ಎಂಥ ಕಲ್ಲುಮನಸ್ಸು ಇವನದು! ಕಣ್ಣು ಮಾತ್ರ ಎಷ್ಟು ಚೆನ್ನಾಗಿದೆ, ಹಾಳಾದ್ದು!

ಯಿ ಎಂಬುದು ಚೀನಾದ ಬೆಟ್ಟಸೀಮೆಯ ಜನರ ಲಿಪಿ. ಊರಿಗೊಂದು ಥರ ಬರೆಯುತ್ತಿದ್ದ ಅಕ್ಷರಗಳಿಗೆ ಒಂದೇ ರೂಪ ಗೊತ್ತುಮಾಡಲು ಬಲ್ಲವರು ವರ್ಷಗಟ್ಟಲೆ ಹೆಣಗಿದ್ದರು. ಆ ರೂಪ ಕೆಡದಂತೆ ಜಾಹ್ನವಿ ಒಂದೊಂದನ್ನೂ ಫೋನಿಗಾಗಿ ತಿದ್ದಿ ತೀಡಿದ್ದಳು. ಫಾಂಟ್ ಹೋದರೆ ಆ ಜನ ಬರೆದದ್ದೆಲ್ಲ ಪರದೆಯ ಮೇಲೆ ಬರೀ ಖಾಲಿ ಚೌಕ!

ಶುಕ್ರವಾರ ಕೊನೆಯ ಮೀಟಿಂಗ್. ಪ್ರತಿ ಟೀಮಿನವರೂ 'ಓಕೆ' ಅಂದರೇನೇ ಫೋನ್ ಬಿಡುಗಡೆ.

"ಜಾಹ್ನವಿ?" ಮ್ಯಾನೇಜರ್ ದ್ವಾರಕಾನಾಥ್ ಕೇಳಿದರು.

"ಓಕೆ ಅಲ್ಲ ಸರ್."

"ಹಟ ಮಾಡೋ ಟೈಮಲ್ಲಮ್ಮ ಇದು. ನಿನ್ನ ವೀಸಾ ನಮ್ಮ ಕೈಲಿದೆ, ನೆನಪಿರಲಿ."

 ಜಾಹ್ನವಿ ಎದ್ದು ನಿಂತಳು.

"ಊರಿಗೆ ಕಳಿಸೋದಾದ್ರೆ ಕಳಿಸಿ ಸರ್. ಒಂದು ಜನಾಂಗದ ಅಕ್ಷರ ಅಳಿಸೋಕೆ ನಾನು ಓಕೆ ಅನ್ನಲ್ಲ!"



"ನಂದೂ ಓಕೆ ಅಲ್ಲ."

ಶಶಾಂಕ್! ಜಾಹ್ನವಿ ತಿರುಗಿ ನೋಡಿದಳು.

"ನಗುಮುಖಗಳನ್ನ ಬೆಳಿಗ್ಗೇನೇ ತೆಗೆದುಬಿಟ್ಟೆ ಸರ್. ಆ ಜಾಗದಲ್ಲಿ ಯಿ ಫಾಂಟ್ ಕೂತಿದೆ. ಹಾಗೇ ಬಿಡುಗಡೆ ಮಾಡೋದಾದ್ರೆ ಓಕೆ."

"ಒಂದು ವರ್ಷದ ಕೆಲಸ ಕಣಯ್ಯಾ ಅದು!"

"ಗೊತ್ತು ಸರ್. ಮಾಡಿದೋನು ನಾನೇ."

ಇಬ್ಬರನ್ನೂ ಮನೆಗೆ ಕಳಿಸಿದರೆ ಫೋನ್ ಹೊರಡಿಸುವವರು ಯಾರು? ದ್ವಾರಕಾನಾಥ್ ಹಲ್ಲು ಕಡಿದರು. "ಏನಾದ್ರೂ ಮಾಡ್ಕೊಳ್ಳಿ... ಓಕೆ!"

ಪಾರ್ಕಿಂಗ್ ಲಾಟಿನಲ್ಲಿ ಜಾಹ್ನವಿ ಅವನ ಕಾರಿಗೆ ಅಡ್ಡ ನಿಂತಳು.

"ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ?"

"ನನ್ನ ಕೆಲಸಕ್ಕೋಸ್ಕರ ನಿಮ್ಮದನ್ನ ತೆಗೆದ್ರು ಅಂತ ನೀವು ಬೈದಾಗಲೇ ಗೊತ್ತಾಗಿದ್ದು. ನಾಚಿಕೆ ಆಯ್ತು..." ಅವನು ಕಾರಿನಿಂದ ಇಳಿದ. "ಅವತ್ತಿಂದ ತಲೆ ತುಂಬಾ ನೀವೇ ಇದೀರ. ನಿಮ್ಮನ್ನ ಪ್ರೀತಿಸ್ತಿದೀನಿ ಜಾಹ್ನವಿ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಬೈದುಕೊಂಡಿದ್ದು ಇವನನ್ನೇನಾ?

"ನಿಮ್ಮ ನಗುಮುಖಗಳೆಲ್ಲ ಹೋದ್ವಲ್ಲ..."

"ಹೋದ್ವು. ಒಂದೂ ಉಳಿದಿಲ್ಲ."

ಜಾಹ್ನವಿ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ನಾನಿದೀನಲ್ಲ!" ಎಂದು ನಕ್ಕಳು.