ಕತ್ತಿ ಹಿಡಿದ ಕೈ, ಕನ್ನಡಿಯ ಮುಖ

"ಅಳಿಸಿ! ಈಗಲೇ ಅಳಿಸಿ!"

ಕ್ಷೌರದ ಕತ್ತಿ ಹಿಡಿದ ಕೈ ಅವಳ ಕಣ್ಣೆದುರೇ ಇತ್ತು. ಅಲಗಿನ ಮೇಲೆ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

ಅವಳು ಹಿಂದೆ ಸರಿಯಲಿಲ್ಲ. ಊರೂರು ಅಲೆಯುತ್ತ, ಬೀದಿ ಬೀದಿಯ ಚಿತ್ರ ತೆಗೆಯುತ್ತ ಕೈ ಪಳಗಿಸಿಕೊಳ್ಳುತ್ತಿದ್ದ ಹುಡುಗಿ. ಅಮ್ಮ ಇಟ್ಟ ಅಡ್ಡಹೆಸರು ಅಲೆಮಾರಿ. ಬೈಗುಳ ಅವಳಿಗೆ ಹೊಸದಲ್ಲ. ಆದರೆ ಕತ್ತಿ ಹೊಸದು!

"ನಿಮ್ಮ ಮುಖ ತೆಗೆದಿಲ್ಲ ರೀ. ಬರೀ ಕೈ! ಕೇಳದೆ ಯಾರ ಮುಖಾನೂ ತೆಗೆಯಲ್ಲ. ಅದು ನನ್ನ ವ್ರತ."

"ವ್ರತ ಗಿತ ನಿಮ್ಮನೇಲಿಟ್ಕೊಳ್ಳಿ. ಕೊಡಿ ಇಲ್ಲಿ!"

ಕ್ಷೌರಿಕ ಅವಳ ಕ್ಯಾಮೆರಾಕ್ಕೆ ಕೈ ಹಾಕಿದ. ಅವಳು ಎಳೆದಳು. ಅವನೂ ಎಳೆದ. ಕ್ಯಾಮೆರಾದ ಕೊರಳ ಪಟ್ಟಿ ಅವಳ ಕತ್ತನ್ನು ಕೊಯ್ಯುವಂತೆ ಬಿಗಿದು, ಪಟ್ಟನೆ ಕಿತ್ತು ಅವನ ಕೈಯಲ್ಲಿ ಉಳಿಯಿತು. ಕ್ಯಾಮೆರಾ ಅಂಗಡಿಯ ಕಲ್ಲುಮೆಟ್ಟಿಲಿಗೆ ಅಪ್ಪಳಿಸಿತು. ಲೆನ್ಸಿನ ಗಾಜು ಚೂರು ಚೂರಾಯಿತು.

"ಲೋ ಮಹಾರಾಯ!" ಕುರ್ಚಿಯಲ್ಲಿದ್ದ ಮುದುಕ ಮೇಷ್ಟ್ರು ಒಳಗಿಂದ ಕೂಗಿದರು. ಅವರ ಒಂದು ಕೆನ್ನೆ ನುಣುಪು, ಇನ್ನೊಂದು ನೊರೆ. "ಜಗಳ ಆಮೇಲೆ ಆಡು. ಅರ್ಧ ಗಡ್ಡದಲ್ಲಿ ಮನೆಗೆ ಹೋದ್ರೆ ನನ್ನ ಹೆಂಡ್ತಿ ಅರ್ಧ ಬಾಗಿಲೇ ತೆಗೆಯೋದು!"

ಯಾರೂ ನಗಲಿಲ್ಲ. ಅವನು ಚೂರುಗಳನ್ನು ನೋಡಿದ. ತುಟಿ ಏನೋ ಹೇಳಲು ಅದುರಿತು. ಆದರೆ ಹೊರಬಿದ್ದ ಮಾತೇ ಬೇರೆ.

"ಈ ಬೀದಿಗೆ ಮತ್ತೆ ಕಾಲಿಡಬೇಡಿ."

'ರಾಕ್ಷಸ!'

ಬೀದಿಯ ತುದಿಯ ವಸತಿಗೃಹದ ಕೋಣೆಯಲ್ಲಿ ಕೂತು ಅವಳು ಅತ್ತಳು. ಕತ್ತು ಉರಿಯುತ್ತಿತ್ತು. ಎದೆ ಅದಕ್ಕಿಂತ ಹೆಚ್ಚು. ಮೆಮೊರಿ ಕಾರ್ಡ್ ಮಾತ್ರ ಉಳಿದಿತ್ತು. ಅದರ ಚಿತ್ರ ಮೊಬೈಲಿನಲ್ಲಿ ತೆರೆದುಕೊಂಡಾಗ ಅಳು ತಾನಾಗಿ ನಿಂತಿತು.

ಮುದಿ ಕತ್ತಿನ ಸುಕ್ಕಿನ ಮೇಲೆ ನೀರಿನ ಮೇಲಿನ ಎಲೆಯಂತೆ ತೇಲುವ ಅಲಗು. ನರ ಉಬ್ಬಿದ, ಬಿಗಿಯದ, ನಡುಗದ ಕೈ.

'ಇಷ್ಟು ಮೃದುವಾದ ಕೈಗೆ ಅಷ್ಟು ಕ್ರೂರ ಮನಸ್ಸೇ...?'

ಸಿಟ್ಟು ಗೆದ್ದಿತು. "ನನ್ನ ಕ್ಯಾಮೆರಾ ಒಡೆದ ಕೈ" ಎಂದು ಬರೆದು ಎಲ್ಲರೂ ನೋಡುವಂತೆ ಚಿತ್ರವನ್ನು ಹಾಕಿಯೇಬಿಟ್ಟಳು. ಮೆಚ್ಚುಗೆ ಹೊಳೆಯಾಗಿ ಹರಿಯಿತು. ಹೆಸರಿಲ್ಲದ ಯಾರೋ ಕೇಳಿದರು: "ಅದ್ಭುತ! ಯಾವ ಊರು, ಯಾವ ಬೀದಿ?"

ಹೊಗಳಿಕೆಗೆ ಹಿಗ್ಗಿದ ಮನಸ್ಸು ಹಿಂದೆಮುಂದೆ ನೋಡಲಿಲ್ಲ. ಹೇಳಿಬಿಟ್ಟಳು.

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಳ್ಳಗಿನ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿ ಹೊಲಿದು ಸರಿಮಾಡಿದ ಅದೇ ಕೊರಳ ಪಟ್ಟಿ. ಕಿವಿಯಿಂದ ಗಲ್ಲದವರೆಗೆ ಸುಟ್ಟ ಗುರುತು.

"ನಾನು ಅಂಗಡಿಯವನ ತಂಗಿ ಅಕ್ಕಾ. ಪರದೆ ಹಿಂದೆ ಟವೆಲ್ ಒಗೀತಾ ಇರ್ತೀನಿ. ಇದನ್ನ ಅಣ್ಣನೇ ಹೊಲಿದ. ತಾನೇ ಬಂದು ಕೊಡೋಕೆ ಮುಖ ಇಲ್ವಂತೆ."

"ಅವರಿಗೆ ಮುಖ ತೋರಿಸೋದಂದ್ರೆ ಆಗಲ್ಲ ಬಿಡಿ, ನಿನ್ನೇನೇ ಗೊತ್ತಾಯ್ತು!"

ತಂಗಿ ನಗಲು ನೋಡಿದಳು. ಆಗಲಿಲ್ಲ.

"ಅವನು ಹೆದರಿದ್ದು ಅವನ ಮುಖಕ್ಕಲ್ಲ ಅಕ್ಕಾ. ನನ್ನ ಮುಖಕ್ಕೆ."

ಗಂಡ ಕುದಿಯುವ ನೀರು ಎರಚಿದ್ದು, ಉಟ್ಟ ಬಟ್ಟೆಯಲ್ಲೇ ಓಡಿಬಂದದ್ದು, ಅಣ್ಣ ತನಗಾಗಿ ಊರು ಬಿಟ್ಟು ಇಲ್ಲಿ ಅಂಗಡಿ ಹಾಕಿದ್ದು... ಎಲ್ಲವನ್ನೂ ಬೇರೆ ಯಾರದೋ ಕಥೆಯೆಂಬಂತೆ ಹೇಳಿದಳು. "ಎಲ್ಲೇ ಸಿಕ್ಕಿದ್ರೂ ಕೊಂದೇ ಕೊಲ್ತೀನಿ ಅಂದಿದ್ದಾನೆ."

ಆಮೇಲೆ ಮೆಲ್ಲಗೆ ಸೇರಿಸಿದಳು. "ಅಣ್ಣಂಗೆ ಮುಂಗೋಪ. ಆದ್ರೆ ಅಪ್ಪ ಕಲಿಸಿದ್ದೊಂದನ್ನ ಮೀರಲ್ಲ. ನಮ್ಮ ಕುರ್ಚಿಲಿ ಕೂತವನು ಶತ್ರುನೇ ಆಗ್ಲಿ, ಅವನ ಕತ್ತು ನಮ್ಮನ್ನ ನಂಬಿ ಕೊಟ್ಟಿದ್ದು. ಒಂದು ಹನಿ ರಕ್ತ ಬರಬಾರದು."

ಅಲೆಮಾರಿಗೆ ತಾನು ಹಾಕಿದ ಚಿತ್ರ ನೆನಪಾಯಿತು. ಮೊಬೈಲ್ ತೆರೆದು ಚಿತ್ರವನ್ನು ಹಿಗ್ಗಿಸಿದಳು. ಕೈಯ ಆಚೆ ಗೋಡೆಗನ್ನಡಿ. ಕನ್ನಡಿಯಲ್ಲಿ ಸರಿದ ಪರದೆ. ಪರದೆಯ ಸಂದಿಯಲ್ಲಿ ಸುಟ್ಟ ಗುರುತಿನ ಇದೇ ಮುಖ!

ಅದರ ಕೆಳಗೆ ತನ್ನದೇ ಉತ್ತರ. ಊರು, ಬೀದಿ ಸಮೇತ.

'ದೇವರೇ... ನಾನೇನು ಮಾಡಿಬಿಟ್ಟೆ!'

"ನೀವು ಇಲ್ಲೇ ಇರಿ. ಚಿಲಕ ಹಾಕ್ಕೊಂಡು ಪೊಲೀಸರಿಗೆ ಫೋನ್ ಮಾಡಿ!"

ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಓಡಿದಳು.

ಅಂಗಡಿಯಲ್ಲಿ ಅವನೊಬ್ಬನೇ ಅಲಗು ಮಸೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಫೋಟೊ ಎಲ್ಲರಿಗೂ ಕಾಣೋ ಹಾಗೆ ಹಾಕ್ಬಿಟ್ಟೆ. ಕನ್ನಡಿಲಿ ನಿಮ್ಮ ತಂಗಿ ಇದ್ದಾರೆ, ನಾನು ನೋಡ್ಲೇ ಇಲ್ಲ... ಯಾರೋ ಕೇಳಿದ್ರು, ಬೀದಿ ಹೆಸರೂ ಹೇಳ್ಬಿಟ್ಟೆ..."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಬಾಯಿ ತೆರೆದ. ಮಾತು ಬರುವ ಮೊದಲೇ ಗೋಡೆಗನ್ನಡಿ ಸಿಡಿಯಿತು!

ಬಾಗಿಲಿಂದ ನುಗ್ಗಿದವನ ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು.

"ಎಲ್ಲೋ ನನ್ನ ಹೆಂಡ್ತಿ?"

ಎರಡನೆಯ ಏಟಿಗೆ ಶೀಶೆಗಳು ಪುಡಿಯಾದವು. ಮೂರನೆಯದು ಕ್ಷೌರಿಕನ ತಲೆಗೆ ಗುರಿಯಿಟ್ಟು ಬೀಸಿ ಬಂತು. ನಡುವೆ ನುಗ್ಗಿದ ಅಲೆಮಾರಿ ಕೈ ಅಡ್ಡ ಕೊಟ್ಟಳು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಕಣ್ಣು ಕತ್ತಲಿಟ್ಟಿತು.

ಆಮೇಲೆ ನಡೆದದ್ದು ಮನುಷ್ಯರ ಜಗಳವಲ್ಲ, ಮೃಗಗಳದು. ಕ್ಷೌರಿಕ ಅವನ ಹೊಟ್ಟೆಗೆ ಹಾಯ್ದ. ತಲೆ ಹಿಡಿದು ಗೋಡೆಗೆ ಜಜ್ಜಿದ. ಮೂಗು ಒಡೆದು ರಕ್ತ ಕನ್ನಡಿಚೂರುಗಳ ಮೇಲೆ ತೊಟ್ಟಿಕ್ಕಿತು. ಸಲಾಕೆ ಉರುಳಿತು. ಅವನನ್ನು ಕುರ್ಚಿಗೆ ಎತ್ತಿ ಎಸೆದು, ಕೂದಲು ಹಿಡಿದು ಹಿಂದಕ್ಕೆ ಜಗ್ಗಿ, ಮಸೆದ ಅಲಗನ್ನು ಕೊರಳಿಗೆ ಇಟ್ಟ.

"ಬೇಡ!" ಅವಳು ಚೀರಿದಳು.

"ಇವನು ಬದುಕಿದ್ರೆ ನನ್ನ ತಂಗಿ ಬದುಕಲ್ಲ!"

"ನೋಡಿ... ಅವನು ಎಲ್ಲಿ ಕೂತಿದ್ದಾನೆ ನೋಡಿ! ನಿಮ್ಮ ಕುರ್ಚಿಲಿ!"

ಅಲಗು ನಿಂತಿತು.

ಚರ್ಮಕ್ಕೂ ಅಲಗಿಗೂ ಕೂದಲೆಳೆಯ ಅಂತರ. ನಿನ್ನೆ ಚಿತ್ರದಲ್ಲಿ ನಡುಗದ ಆ ಕೈ ಈಗ ಗಡಗಡ ನಡುಗಿತು. ಅವನು ಕಣ್ಣು ಮುಚ್ಚಿದ. ಕತ್ತಿಯನ್ನು ನೀರಿನ ಬೋಗುಣಿಗೆ ಎಸೆದ.

"ಪಟ್ಟಿ ಕೊಡಿ," ಎಂದು ಅವಳತ್ತ ಕೈ ಚಾಚಿದ.

ತಾನೇ ಹೊಲಿದ ಪಟ್ಟಿಯಿಂದ ಆ ಪಾಪಿಯ ಕೈಗಳನ್ನು ಕುರ್ಚಿಗೆ ಬಿಗಿದ. ಹೊಲಿಗೆ ಪೊಲೀಸರು ಬರುವವರೆಗೂ ಬಿಡಲಿಲ್ಲ.

ಗದ್ದಲ ಕೇಳಿ ಓಡಿಬಂದ ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಪಾಪ, ಈ ಹುಡುಗಿ ಕೈ ಮುರೀತು ನೋಡು!"

ತಂಗಿಯ ಗಂಡ ಕಂಬಿಯ ಹಿಂದೆ ಸೇರಿದ. ಅಲೆಮಾರಿಯ ಕೈಗೆ ಪ್ಲಾಸ್ಟರ್ ಬಂತು. ಆಸ್ಪತ್ರೆಗೆ ತಂಗಿ ಬಂದಳು, ಮೇಷ್ಟ್ರೂ ಬಂದರು. ಕ್ಷೌರಿಕ ಮಾತ್ರ ಬರಲಿಲ್ಲ.

'ಯಾಕೆ ಬಂದಾರು? ಅವರ ಗೂಡಿಗೆ ದಾರಿ ತೋರಿಸಿದವಳೇ ನಾನು...'

ಹೊರಡುವ ದಿನ ಚೀಲ ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತಳು. ಗೋಡೆಗೆ ಹೊಸ ಕನ್ನಡಿ ಬಂದಿತ್ತು.

"ಹೇಳಿ ಹೋಗೋಣ ಅಂತ ಬಂದೆ. ಕ್ಷಮಿಸಿ ಅಂತ ಕೇಳೋಕೂ ನನಗೆ..."

"ಕೂತ್ಕೊಳ್ಳಿ."

"ಹಾಂ?"

"ಕೂದಲು ಜಡೆಗಟ್ಟಿದೆ. ಒಂದು ಕೈಲಿ ತೊಳ್ಕೊಳ್ಳೋಕಾಗಲ್ಲ. ಕೂತ್ಕೊಳ್ಳಿ."

ಅದೇ ಕುರ್ಚಿ. ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದಳು. ಬೆಚ್ಚನೆಯ ನೀರು ಇಳಿಯಿತು. ಅವನ ಬೆರಳು ಒಂದೊಂದೇ ಸಿಕ್ಕು ಬಿಡಿಸುತ್ತ ಬಂದು ಕತ್ತಿನ ಮೇಲೆ ನಿಂತಿತು. ಅಲ್ಲಿ ಪಟ್ಟಿ ಕೊಯ್ದ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ.

"ನೋಯುತ್ತಾ?"

"ಇಲ್ಲ."

"ಸುಳ್ಳು." ಅವನು ಗೆರೆಗೆ ತಾಗದಂತೆ ನೀರು ಸುರಿದ. "ಈ ಗುರುತು ನೋಡೋ ಧೈರ್ಯ ಇರಲಿಲ್ಲ. ಅದಕ್ಕೇ ಆಸ್ಪತ್ರೆಗೆ ಬರ್ಲಿಲ್ಲ. ಅವತ್ತೇ ಕಾರಣ ಹೇಳಿದ್ದಿದ್ರೆ ನೀವೇ ಅಳಿಸ್ತಿದ್ರಿ. ಬಾಯಿಗಿಂತ ಮುಂಚೆ ನನ್ನ ಕೈ ಹೋಯ್ತು."

"ನಾನೂ ಕನ್ನಡಿ ನೋಡಬಹುದಿತ್ತು..." ಮುಚ್ಚಿದ ಕಣ್ಣಿಂದ ನೀರು ಜಾರಿತು. "ನಿಮ್ಮ ಕೈಯಿಂದ ಕಣ್ಣು ಕೀಳೋಕಾಗಲಿಲ್ಲ. ಆಗಲೂ. ಈಗಲೂ."

ಅವನ ಬೆರಳು ಸ್ತಬ್ಧವಾಯಿತು.

ಪರದೆಯ ಹಿಂದಿನಿಂದ ತಂಗಿ ಸದ್ದಿಲ್ಲದೆ ಬಂದು, ಬಾಗಿಲ ಬಳಿಯ ಚೀಲವನ್ನು ಎತ್ತಿ ಒಳಗೆ ಒಯ್ದಳು.

ಅವನು ಕೂದಲು ಒರೆಸಿ ಬಾಚಿದ. ಗಿರಾಕಿಗಳಿಗೆ ತೋರಿಸುವಂತೆಯೇ ಕೈಗನ್ನಡಿಯನ್ನು ಅವಳ ಹಿಂದೆ ಹಿಡಿದ.

"ಸರಿಯಿದೆಯಾ?"

ಎದುರಿನ ಕನ್ನಡಿಯಲ್ಲಿ ಅವಳು ಕೂದಲನ್ನು ನೋಡಲಿಲ್ಲ. ಅವನ ಮುಖವನ್ನು, ಮೊದಲ ಬಾರಿಗೆ, ಕಣ್ತುಂಬ ನೋಡಿದಳು.

"ಕ್ಯಾಮೆರಾ ಸರಿಹೋದ ಮೇಲೆ... ನಿಮ್ಮ ಮುಖದ್ದು ಒಂದು ಫೋಟೊ ತೆಗೀಲಾ?"

"ಒಂದೇನಾ?"

"ಮತ್ತೆಷ್ಟು?"

"ನಾನು ಆ ಮೇಷ್ಟ್ರಷ್ಟು ಮುದುಕ ಆಗೋವರೆಗೂ ತೆಗೀತಾನೇ ಇರಿ."